ಹಡಗಲಿಯ ರಂಗದಿಂದ ವಿಧಾನಸೌಧಕ್ಕೆ

ಕರ್ನಾಟಕದ ಉಪಮುಖ್ಯಮಂತ್ರಿಯಾಗಿದ್ದ ಎಂ.ಪಿ. ಪ್ರಕಾಶ್ ಹುಟ್ಟಿದ ನಾರಾಯಣದೇವರಕೆರೆ ಈಗ ತುಂಗಭದ್ರಾ ಜಲಾಶಯದ ಹಿನ್ನೀರಿನ ತಳದಲ್ಲಿದೆ. 1940ರ ಜುಲೈ 11ರಂದು ಅವರು ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತದಲ್ಲಿತ್ತು. 1953ರಲ್ಲಿ ಹೂವಿನಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಮೊದಲಾದ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಅದೇ ವರ್ಷ ಅಣೆಕಟ್ಟೆಯಲ್ಲಿ ನೀರು ನಿಂತಿತು. ಮುಳುಗಡೆಯ ಊರವರು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ನಾಟಕದ ಗೀಳಿಗೆ ಹೆಸರಾದ ಊರು ಅದು.

ಪ್ರಕಾಶ್ ಬದುಕು ಕಟ್ಟಿಕೊಂಡದ್ದು ಹೂವಿನಹಡಗಲಿಯಲ್ಲಿ. ವೃತ್ತಿ ವಕೀಲಿ, ಒಲವು ಸಮಾಜವಾದ, ಮನಸ್ಸೆಲ್ಲ ನಾಟಕ. ಅಲ್ಲಿ ಅವರು ಬೆಳೆಸಿದ ರಂಗಭಾರತಿ ತಂಡ ಬೆಂಗಳೂರು, ಧಾರವಾಡಗಳ ಹವ್ಯಾಸಿ ರಂಗಭೂಮಿಯ ಗಾಳಿಯನ್ನು ಮಲ್ಲಿಗೆ ತೋಟಗಳ ಈ ಪುಟ್ಟ ಪಟ್ಟಣಕ್ಕೆ ತಂದಿತು. ಬಣ್ಣ ಹಚ್ಚಿದ ರಾಜಕಾರಣಿಗಳು ಬಹಳ ಮಂದಿ. ತಂಡ ಕಟ್ಟಿ ಉಳಿಸಿದವರು ಕಡಿಮೆ.

1983ರಲ್ಲಿ ರಾಜ್ಯದಲ್ಲಿ ಮೊದಲ ಬಾರಿ ಕಾಂಗ್ರೆಸ್ಸೇತರ ಸರ್ಕಾರ ಬಂತು. ಆ ಚುನಾವಣೆಯಲ್ಲಿ ಜನತಾ ಪಕ್ಷದಿಂದ ಹಡಗಲಿಯಲ್ಲಿ ಗೆದ್ದ ಪ್ರಕಾಶ್, ರಾಮಕೃಷ್ಣ ಹೆಗಡೆಯವರ ಸಂಪುಟ ಸೇರಿದರು. 1985ರಲ್ಲಿ ಮತ್ತೆ ಗೆದ್ದರು. ಹಂಪಿ ಉತ್ಸವ ಶುರುವಾದದ್ದು ಈ ಅವಧಿಯಲ್ಲಿ, ಅವರ ಮುತುವರ್ಜಿಯಿಂದ. ವಿರೂಪಾಕ್ಷ ಬಜಾರಿನ ಕಲ್ಲುಸಾಲಿನ ತುದಿಗೆ, ಎದುರು ಬಸವಣ್ಣನ ಬಳಿ ವೇದಿಕೆ. ಅದರ ಮೇಲೆ ಗಾಯನ, ನೃತ್ಯ, ಜನಪದ ಕಲೆ. ಎದುರಿಗೆ ಸುತ್ತಲ ಹಳ್ಳಿಗಳಿಂದ ಬಂದು ಕೂತ ಜನ. ಪ್ರವಾಸಿಗರು ನೋಡಿಹೋಗುತ್ತಿದ್ದ ಹಾಳು ಹಂಪಿ ಜಿಲ್ಲೆಯ ಜನರ ಜಾತ್ರೆಯಾಯಿತು. ಇಂದಿಗೂ ಅಲ್ಲಿ ಅವರ ಹೆಸರಿನ ವೇದಿಕೆ ಹಾಕುವ ರೂಢಿಯಿದೆ.

1989ರ ಕಾಂಗ್ರೆಸ್ ಅಲೆಯಲ್ಲಿ ಸೋಲು, 1994ರಲ್ಲಿ ಗೆಲುವು, 1999ರಲ್ಲಿ ಮತ್ತೆ ಸೋಲು, 2004ರಲ್ಲಿ ಮತ್ತೆ ಗೆಲುವು: ಹಡಗಲಿ ಅವರನ್ನು ಸರದಿಯಂತೆ ಮನೆಗೂ ವಿಧಾನಸೌಧಕ್ಕೂ ಕಳಿಸಿತು. ತುಂಗಭದ್ರೆ ಪಕ್ಕದಲ್ಲೇ ಹರಿದರೂ ಮಳೆ ನೆಚ್ಚಿಕೊಂಡ ತಾಲ್ಲೂಕು ಅದು. ಸಿಂಗಟಾಲೂರು ಏತ ನೀರಾವರಿಯ ಬೆನ್ನು ಹತ್ತಿದವರಲ್ಲಿ ಪ್ರಕಾಶ್ ಮುಖ್ಯರು.

2005ರ ಆಗಸ್ಟ್‌ನಲ್ಲಿ ಉಪಮುಖ್ಯಮಂತ್ರಿ ಸಿದ್ದರಾಮಯ್ಯನವರನ್ನು ಕಾಂಗ್ರೆಸ್-ಜೆಡಿಎಸ್ ಮೈತ್ರಿಯ ಧರ್ಮಸಿಂಗ್ ಸಂಪುಟದಿಂದ ಕೈಬಿಟ್ಟಾಗ ಆ ಸ್ಥಾನ ಜೆಡಿಎಸ್‌ನಲ್ಲಿದ್ದ ಪ್ರಕಾಶ್ ಪಾಲಿಗೆ ಬಂತು. ಆರು ತಿಂಗಳೂ ತುಂಬಲಿಲ್ಲ. 2006ರ ಜನವರಿಯಲ್ಲಿ ಆ ಸರ್ಕಾರವೇ ಬಿತ್ತು. ಬಿಜೆಪಿ ಜೊತೆ ಜೆಡಿಎಸ್‌ನ ಕುಮಾರಸ್ವಾಮಿ ಸರ್ಕಾರ ರಚಿಸಿದಾಗ ಅವರು ಗೃಹ ಸಚಿವರಾದರು. ಸಮಾಜವಾದಿಯೊಬ್ಬರಿಗೆ ಒಗ್ಗದ ಸಹವಾಸ ಎಂದವರಿದ್ದರು, ಅದರಲ್ಲಿ ಹುರುಳೂ ಇತ್ತು. 2007ರಲ್ಲಿ ಬಿಜೆಪಿಗೆ ಅಧಿಕಾರ ಹಸ್ತಾಂತರಿಸುವ ಒಪ್ಪಂದ ಮುರಿದುಬಿದ್ದ ಮೇಲೆ ಅವರು ಜೆಡಿಎಸ್ ತೊರೆದು ಕಾಂಗ್ರೆಸ್ ಸೇರಿದರು.

ಅಷ್ಟರಲ್ಲಿ ಕ್ಷೇತ್ರ ಮರುವಿಂಗಡಣೆಯಾಗಿ ಹಡಗಲಿ ಪರಿಶಿಷ್ಟ ಜಾತಿಗೆ ಮೀಸಲಾಗಿತ್ತು. 2008ರಲ್ಲಿ ನೆರೆಯ ಹರಪನಹಳ್ಳಿಗೆ ಹೋದರು. ಗಣಿ ದುಡ್ಡಿನ ಮಾತು ಜೋರಾಗಿದ್ದ ಆ ಚುನಾವಣೆಯಲ್ಲಿ ಬಿಜೆಪಿಯ ಜಿ. ಕರುಣಾಕರ ರೆಡ್ಡಿ ಎದುರು ಸೋತರು. ಕ್ಯಾನ್ಸರಿನಿಂದ ಬಳಲಿ 2011ರ ಫೆಬ್ರವರಿ 9ರಂದು ತೀರಿಕೊಂಡರು.

ಹರಪನಹಳ್ಳಿಯ ನಂಟು ಅಲ್ಲಿಗೆ ಕಡಿಯಲಿಲ್ಲ. ಮಗ ಎಂ.ಪಿ. ರವೀಂದ್ರ 2013ರಲ್ಲಿ ಅಲ್ಲಿಂದಲೇ ಗೆದ್ದರು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ್ದರಿಂದ ತಾಲ್ಲೂಕಿಗೆ ಸಂವಿಧಾನದ 371(ಜೆ) ವಿಧಿ ಹೈದರಾಬಾದ್-ಕರ್ನಾಟಕ ಭಾಗಕ್ಕೆ ಕೊಡುವ ವಿಶೇಷ ಸವಲತ್ತು ತಪ್ಪಿತ್ತು. ಅದನ್ನು ಕೊಡಿಸಲು ಅವರು ಪಟ್ಟು ಹಿಡಿದರು. 2018ರಲ್ಲಿ ತಾಲ್ಲೂಕು ಬಳ್ಳಾರಿಗೆ ಮರಳಿತು, ರವೀಂದ್ರ ತೀರಿಕೊಂಡದ್ದೂ ಅದೇ ವರ್ಷ. 2021ರಲ್ಲಿ ಅದು ಹೊಸ ವಿಜಯನಗರ ಜಿಲ್ಲೆಗೆ ಸೇರಿತು. 2023ರಲ್ಲಿ ಪ್ರಕಾಶರ ಮಗಳು ಲತಾ ಮಲ್ಲಿಕಾರ್ಜುನ ಪಕ್ಷದ ಟಿಕೆಟಿಲ್ಲದೆ ಪಕ್ಷೇತರರಾಗಿ ನಿಂತು, ತಂದೆಗೆ ಒಲಿಯದ ಆ ಕ್ಷೇತ್ರವನ್ನು ಗೆದ್ದರು.