ಡಿಗ್ರಿ ಆಯ್ತು, ಒಂದು ವರ್ಷ ಹಳ್ಳಿಗೆ

ಲೋಹಾರಾ: ಡಿಗ್ರಿ ಮುಗಿಸಿದ ಮಗ ಮನೆಗೆ ಬಂದು ‘ಒಂದು ವರ್ಷ ಸೇವಾಕ್ಕ ಹೋಗ್ತೀನಿ’ ಅಂದರೆ ನಮ್ಮ ಗಡಿ ಭಾಗದ ಮನೆಗಳಲ್ಲಿ ಮೊದಲು ಬರುವ ಪ್ರಶ್ನೆ ಒಂದೇ: ‘ಪಗಾರ ಎಷ್ಟು ಕೊಡ್ತಾರಪಾ?’ ಪ್ರಶ್ನೆ ತಪ್ಪಲ್ಲ. ಎರಡು ಎಕರೆ ಸೋಯಾಬೀನ್, ತೊಗರಿ ನಂಬಿ ಓದಿಸಿದ ತಂದೆ ಕೇಳದೆ ಇನ್ಯಾರು ಕೇಳಬೇಕು?

ಆದರೆ ಈ ತಾಲೂಕಿನ ಮೇಲೆ ಅಂಥ ಹುಡುಗರ ಋಣ ಇದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಮಲಗಿದ ಜನ ಏಳುವ ಮುಂಚೆ ಭೂಮಿ ನಡುಗಿತು. ಕಿಲ್ಲಾರಿ, ಸಾಸ್ತೂರ ಸುತ್ತಲಿನ ಕಲ್ಲು-ಮಣ್ಣಿನ ಮನೆಗಳು ಕುಸಿದು ಸುಮಾರು 10 ಸಾವಿರ ಜನ ಸತ್ತರು. ಕಂಬಳಿ, ಕಾಳು ಹಂಚಿದ ಲಾರಿಗಳು ತಿರುಗಿ ಹೋದವು. ಪರಿಹಾರಕ್ಕೆಂದು ಬಂದ ಪುಣೆಯ ಜ್ಞಾನ ಪ್ರಬೋಧಿನಿಯವರು ಮಾತ್ರ ಹರಾಳಿಯಲ್ಲಿ ನಿಂತೇಬಿಟ್ಟರು. ಅಲ್ಲಿ ವಸತಿ ಶಾಲೆ ಎದ್ದಿತು, ಪಾಠದ ಜೊತೆ ಹೊಲದ ಕೆಲಸವೂ ನಡೆಯಿತು.

‘ನಾವೂ ಎನ್.ಎಸ್.ಎಸ್. ಮಾಡೀವಿ’ ಅನ್ನುವವರಿದ್ದಾರೆ. 1969ರಲ್ಲಿ ಶುರುವಾದ ಆ ಯೋಜನೆಯ ವಿಶೇಷ ಶಿಬಿರ 7 ದಿನದ್ದು. ಗಟಾರ ಬಳಿದು, ಫೋಟೋ ತೆಗೆಸಿ ಬರಲು ಅಷ್ಟು ಸಾಕು. ವರ್ಷ ನಿಂತವನು ಮಾತ್ರ ಒಂದು ಮುಂಗಾರು, ಒಂದು ಹಿಂಗಾರು, ಟ್ಯಾಂಕರ್ ಮುಂದೆ ಕೊಡ ಇಡುವ ಒಂದು ಬೇಸಿಗೆ ನೋಡುತ್ತಾನೆ. ಯಾವ ಮನೆಯ ಹುಡುಗಿ ಸಾಲಿ ಬಿಟ್ಟಳು, ಯಾಕೆ ಬಿಟ್ಟಳು ಎಂಬುದು ಅವನಿಗೆ ಗೊತ್ತಾಗುತ್ತದೆ. ನಮ್ಮ ಮಕ್ಕಳಿಗೆ ಇನ್ನೊಂದು ಅನುಕೂಲ ಇದೆ. ದವಾಖಾನೆಯಲ್ಲಿ ಡಾಕ್ಟರರ ಮರಾಠಿಗೂ ಕನ್ನಡದ ಅಜ್ಜಿಯ ಹೊಟ್ಟೆನೋವಿಗೂ ನಡುವೆ ನಿಲ್ಲಬಲ್ಲವರು ಅವರೇ.

ಹೋಗುವವರಿಗೆ ದಾರಿಗಳಿವೆ. ಗಡಚಿರೋಲಿಯಲ್ಲಿ ಡಾ. ಅಭಯ ಬಂಗ, ಡಾ. ರಾಣಿ ಬಂಗ ದಂಪತಿ 2006ರಲ್ಲಿ ‘ನಿರ್ಮಾಣ’ ಆರಂಭಿಸಿ ಇಂಥ ಯುವಕರನ್ನು ಸಜ್ಜುಗೊಳಿಸಿದರು. ಸ್ಟೇಟ್ ಬ್ಯಾಂಕಿನ ‘ಯೂತ್ ಫಾರ್ ಇಂಡಿಯಾ’ 2011ರಲ್ಲಿ ಬಂತು. ಅದು 13 ತಿಂಗಳ ಹಳ್ಳಿ ಕೆಲಸ, ಖರ್ಚಿಗೆ ಭತ್ಯೆಯೂ ಉಂಟು.

ನನ್ನ ಮಾತು ಹೇಳಬೇಕೆಂದರೆ, ಬಿ.ಕಾಂ. ಮುಗಿದಾಗ ನನಗೂ ಮನಸ್ಸಿತ್ತು. ‘ಅಕ್ಕನ ಲಗ್ನದ ಸಾಲ ಯಾರು ತೀರಿಸಬೇಕು ತಮ್ಮಾ?’ ಅಂದರು ಅಪ್ಪ. ಅಡತ ಅಂಗಡಿಯಲ್ಲಿ ಲೆಕ್ಕ ಬರೆಯಲು ಕೂತೆ. ಸಾಲ ತೀರಿತು. ಹೋಗಬೇಕಿತ್ತು ಅನ್ನುವುದು ಮಾತ್ರ ಇನ್ನೂ ತೀರಿಲ್ಲ.

ಆದ್ದರಿಂದ ಮಗನೋ ಮಗಳೋ ಕೇಳಿದರೆ ಒಮ್ಮೆಲೇ ‘ಬ್ಯಾಡ’ ಅನ್ನಬೇಡಿ. ಇರುವ ಜಾಗ ಯಾವುದು, ಊಟ ಹೇಗೆ, ಜೊತೆಗೆ ಯಾರಿದ್ದಾರೆ, ಭತ್ಯೆ ಇದೆಯೋ ಇಲ್ಲವೋ ಎಂದು ಕೇಳಿ. ಬಸ್ಸು ಹತ್ತಿ ಒಂದು ಸಲ ನೀವೇ ಹೋಗಿ ನೋಡಿಕೊಂಡು ಬನ್ನಿ.