ಕ್ಯಾಮೆರಾ ದೊಡ್ಡದು, ಫೋಟೊ ಮಾತ್ರ ಮಬ್ಬು: ಮೊದಲ ಡಿಎಸ್‌ಎಲ್‌ಆರ್ ಕೊಂಡವರಿಗೆ ಒಂದಿಷ್ಟು ಮಾಹಿತಿ

ದೀಪಾವಳಿ ಕಳೆದರೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ, ಮದುವೆಗಳೂ ಶುರುವಾಗುತ್ತವೆ. ಈಗ ಕಂಪನಿಗಳು ಹೊಸ ಮಾದರಿಗಳನ್ನು ಮಿರರ್‌ಲೆಸ್‌ನಲ್ಲೇ ತರುತ್ತಿರುವುದರಿಂದ ಹಳೆ ಡಿಎಸ್‌ಎಲ್‌ಆರ್ ಕಡಿಮೆ ರೇಟಿಗೆ ಸಿಗುತ್ತಿದೆ. ಕೊಂಡವರು ಮೊದಲ ವಾರವೇ ಕೇಳುವ ಪ್ರಶ್ನೆ ಒಂದೇ: "ಮೊಬೈಲ್‌ನಲ್ಲೇ ಚಂದ ಬರ್ತಿತ್ತಲ್ಲ ಮಾರಾಯ್ರೆ, ಇದರಲ್ಲಿ ಯಾಕೆ ಮಬ್ಬು?"

ನನಗೂ ಹಾಗೇ ಆಗಿತ್ತು. ಅಕ್ಕನ ಮದುವೆಯಲ್ಲಿ ಧಾರೆಯ ಹೊತ್ತಿಗೆ ನನ್ನ ಕೈಯಲ್ಲಿ ಹೊಸ ಕ್ಯಾಮೆರಾ. ಫ್ಲ್ಯಾಶ್ ಬೇಡ ಎಂದು ಆರಿಸಿದ್ದೆ. ಅಜ್ಜ ನೀರು ಎರೆಯುವ ಆ ಒಂದೇ ಒಂದು ಫೋಟೊದಲ್ಲಿ ಅಜ್ಜನ ಕೈ ಬಿಳಿ ಗೆರೆಯಂತೆ, ಮುಖ ಎರಡೆರಡು. ಮರುವರ್ಷ ಅಜ್ಜ ತೀರಿಕೊಂಡರು. ಅದನ್ನು ಮತ್ತೆ ತೆಗೆಯಲು ಆಗುವುದಿಲ್ಲವಲ್ಲ.

ಆ ಫೋಟೊದ ಮಾಹಿತಿ ತೆರೆದು ನೋಡಿದರೆ ತಪ್ಪು ಗೊತ್ತಾಗುತ್ತದೆ. ಶಟರ್ 1/15 ಸೆಕೆಂಡ್, ಅಪರ್ಚರ್ ಎಫ್ 5.6, ಐಎಸ್‌ಒ 400. ಶಟರ್ ಅಂದರೆ ಬೆಳಕು ಒಳಗೆ ಬರಲು ಬಾಗಿಲು ತೆರೆದಿರುವ ಸಮಯ. ಅಪರ್ಚರ್ ಆ ಬಾಗಿಲಿನ ಅಗಲ. ಅಂಕಿ ಚಿಕ್ಕದಾದಷ್ಟೂ ಬಾಗಿಲು ದೊಡ್ಡದು, ಇದು ಎಲ್ಲರಿಗೂ ಮೊದಲು ಉಲ್ಟಾ ಅನ್ನಿಸುತ್ತದೆ. ಐಎಸ್‌ಒ ಎಂದರೆ ಬಂದ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಬೇಕು ಎಂಬ ಲೆಕ್ಕ. ಟ್ಯೂಬ್‌ಲೈಟಿನ ಹಾಲ್‌ನಲ್ಲಿ ಬೆಳಕು ಸಾಲದೆ ಕ್ಯಾಮೆರಾ ಬಾಗಿಲನ್ನು ಜಾಸ್ತಿ ಹೊತ್ತು ತೆರೆದಿಟ್ಟಿತು, ಅಷ್ಟರಲ್ಲಿ ಅಜ್ಜನ ಕೈ ಅಲ್ಲಾಡಿತು, ನನ್ನ ಕೈಯೂ ನಡುಗಿತು.

ಐಎಸ್‌ಒ 3200 ಇಟ್ಟಿದ್ದರೆ ಶಟರ್ 1/125ಕ್ಕೆ ಬರುತ್ತಿತ್ತು. 400ರಿಂದ 800, 1600, 3200: ಮೂರು ಸಲ ದುಪ್ಪಟ್ಟು, ಶಟರ್ ಸಮಯ ಮೂರು ಸಲ ಅರ್ಧ. ಸ್ವಲ್ಪ ಕಾಳುಕಾಳು ಕಾಣುತ್ತಿತ್ತು, ಇರಲಿ. ಕಾಳು ಬಿದ್ದರೂ ಮುಖ ಗುರುತು ಸಿಗುತ್ತದೆ, ಮಬ್ಬಾದರೆ ಸಿಗುವುದಿಲ್ಲ. ಇನ್ನೊಂದು ದಾರಿ ಲೆನ್ಸ್. ಜೊತೆಗೆ ಬರುವ 18-55 ಲೆನ್ಸನ್ನು ಪೂರ್ತಿ ಜೂಮ್ ಮಾಡಿದರೆ ಅಪರ್ಚರ್ 5.6ಕ್ಕಿಂತ ಅಗಲ ಆಗುವುದಿಲ್ಲ. ಜೂಮ್ ಬಿಟ್ಟು ಹತ್ತಿರ ಹೋದರೆ 3.5 ಸಿಗುತ್ತದೆ. 50 ಎಂಎಂನ ಎಫ್ 1.8 ಲೆನ್ಸ್ ಅದೇ 5.6ಕ್ಕೆ ಹೋಲಿಸಿದರೆ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಎರಡನೇ ಲೆನ್ಸ್‌ಗೆ ದುಡ್ಡು ಹಾಕುವುದಾದರೆ ನಾನು ಹೇಳುವುದು ಇದನ್ನೇ, ಉದ್ದನೆಯ ಜೂಮ್ ಅಲ್ಲ.

ಬಯಲಾಟದ ಫೋಟೊ ಇನ್ನೂ ಕಷ್ಟ. ವೇಷಧಾರಿ ಗಿರಕಿ ಹೊಡೆಯುವಾಗ 1/500 ಆದರೂ ಬೇಕು. ಹಾಗಾಗಿ ಡಯಲನ್ನು 'ಎಸ್' ಅಥವಾ 'ಟಿವಿ'ಗೆ ತಿರುಗಿಸಿ (ನಿಕಾನ್‌ನಲ್ಲಿ ಎಸ್, ಕ್ಯಾನನ್‌ನಲ್ಲಿ ಟಿವಿ), ಶಟರ್ ನೀವೇ ಇಡಿ, ಐಎಸ್‌ಒ ಆಟೋ ಬಿಡಿ. ಇನ್ನೊಂದು ತೊಂದರೆ ಇದೆ: ರಂಗಸ್ಥಳದ ಹಿಂದೆಲ್ಲ ಕಪ್ಪು. ಕ್ಯಾಮೆರಾ "ಕತ್ತಲೆ ಇದೆ" ಅಂದುಕೊಂಡು ಬೆಳಕು ಹೆಚ್ಚಿಸುತ್ತದೆ, ಬಣ್ಣ ಹಚ್ಚಿದ ಮುಖ ಬೆಳ್ಳಗೆ ಸುಟ್ಟ ಹಾಗೆ ಬರುತ್ತದೆ. ಪ್ಲಸ್-ಮೈನಸ್ ಗುರುತಿನ ಬಟನ್ ಒತ್ತಿ ಮೈನಸ್ 1 ಮಾಡಿ.

ಅಂಗಡಿಯವರಿಗೆ ಇದರ ಉಲ್ಟಾ. ಬಿಳಿ ಪಂಚೆ, ಮಲ್ಲಿಗೆ ಅಟ್ಟೆ, ಬೇಕರಿಯ ಬಿಳಿ ಕೇಕ್ ಬೂದಿ ಬಣ್ಣಕ್ಕೆ ಬಂದರೆ ಪ್ಲಸ್ 1. ವಾಟ್ಸಾಪ್ ಸ್ಟೇಟಸ್‌ಗೆ ಸೀರೆ ಫೋಟೊ ಹಾಕುವವರು ಒಳಗಿನ ಟ್ಯೂಬ್‌ಲೈಟ್ ಆರಿಸಿ, ಬಾಗಿಲ ಪಕ್ಕದ ನೆರಳಿನ ಬೆಳಕಿನಲ್ಲಿ ತೆಗೆಯಿರಿ. ಎರಡು ಬಗೆಯ ಬೆಳಕು ಸೇರಿದರೆ ಬಣ್ಣ ತಪ್ಪುತ್ತದೆ, ಆಮೇಲೆ ಗಿರಾಕಿ "ಫೋಟೊದಲ್ಲಿ ಬೇರೆ ಕಲರ್ ಇತ್ತು" ಅಂತ ವಾಪಸ್ ತರುತ್ತಾರೆ. ಕತ್ತಲಾದ ಬದಿಗೆ ಬಿಳಿ ಡ್ರಾಯಿಂಗ್ ಶೀಟ್ ಹಿಡಿದರೆ ನೆರಳು ಹಗುರಾಗುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಲೆನ್ಸ್ ಬಿಚ್ಚಿ ಮೊಬೈಲ್ ಟಾರ್ಚ್ ಹಾಯಿಸಿ ನೋಡಿ. ಜೇಡರ ಬಲೆಯಂತೆ ಕಂಡರೆ ಅದು ಫಂಗಸ್. ನಮ್ಮ ಮಳೆಗಾಲದಲ್ಲಿ ಬೀರುವಿನಲ್ಲಿ ಇಟ್ಟ ಲೆನ್ಸ್‌ಗೆ ಹಿಡಿಯುವ ರೋಗ. ರೇಟು ಎಷ್ಟೇ ಇಳಿಸಿದರೂ ಬೇಡ. ಶಟರ್ ಎಷ್ಟು ಸಲ ಬಿದ್ದಿದೆ ಎಂಬ ಲೆಕ್ಕವನ್ನೂ ಕೇಳಿ. ನಿಮ್ಮದನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಮದುವೆಗೆ ಹೋಗುವ ಮುಂಚೆ, ರಾತ್ರಿ ಮನೆಯ ಟ್ಯೂಬ್‌ಲೈಟಿನಡಿ ಯಾರಿಗಾದರೂ ಚೊಂಬಿನಿಂದ ನೀರು ಎರೆಯಲು ಹೇಳಿ ಹತ್ತಿಪ್ಪತ್ತು ಫೋಟೊ ತೆಗೆಯಿರಿ. ಪರದೆಯಲ್ಲಿ ಜೂಮ್ ಮಾಡಿ ಕೈಬೆರಳು ನೋಡಿ. ಬೆರಳು ಬಿಡಿಬಿಡಿಯಾಗಿ ಕಾಣುವ ತನಕ ಐಎಸ್‌ಒ ಏರಿಸುತ್ತ ಹೋಗಿ, ಆ ಅಂಕಿ ಬರೆದಿಟ್ಟುಕೊಳ್ಳಿ.