ಎರಡು ಬಾರಿ ಸಿಕ್ಕ ಅಲೆ

ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ 1953ರ ಸುಮಾರಿಗೆ ಮೇನಿಯಾಕ್ ಎಂಬ ಕಂಪ್ಯೂಟರ್ ಇತ್ತು. ಎನ್ರಿಕೊ ಫರ್ಮಿ, ಜಾನ್ ಪಾಸ್ಟಾ ಮತ್ತು ಸ್ಟಾನಿಸ್ಲಾ ಉಲಾಮ್ ಅದಕ್ಕೆ ನೋಡಲು ಸರಳವಾದ ಲೆಕ್ಕವೊಂದನ್ನು ಕೊಟ್ಟರು. ಒಂದೇ ಗೆರೆಯಲ್ಲಿ ಕೆಲವು ಡಜನ್ ಕಣಗಳು, ನೆರೆಯ ಕಣಗಳ ನಡುವೆ ಸ್ಪ್ರಿಂಗು. ಸ್ಪ್ರಿಂಗನ್ನು ಎರಡರಷ್ಟು ಎಳೆದರೆ ಬಲವೂ ಎರಡರಷ್ಟಾಗುತ್ತದೆ ಎನ್ನುವುದು ಪಠ್ಯಪುಸ್ತಕದ ನಿಯಮ. ಇಲ್ಲಿ ಆ ನಿಯಮವನ್ನು ಸ್ವಲ್ಪವೇ ಸಡಿಲಿಸಿದ್ದರು. ಸಮೀಕರಣ ಅರೇಖೀಯವಾಗಲು ಅಷ್ಟು ಸಾಕು, ಕಾಗದದ ಮೇಲೆ ಅದನ್ನು ಬಿಡಿಸುವ ದಾರಿ ಆಗ ಯಾರಿಗೂ ತಿಳಿದಿರಲಿಲ್ಲ.

ವೀಣೆಯ ತಂತಿ ಮೂಲಸ್ವರದೊಡನೆ ಉಪಸ್ವರಗಳನ್ನೂ ಹೊಮ್ಮಿಸುವಂತೆ ಈ ಕಣಸಾಲಿಗೂ ಹಲವು ಬಗೆಯ ಕಂಪನಗಳುಂಟು. ಮೊದಲನೆಯದಕ್ಕೆ ಮಾತ್ರ ಶಕ್ತಿ ತುಂಬಿ ಬಿಟ್ಟರೆ ಅದು ಕ್ರಮೇಣ ಎಲ್ಲ ಕಂಪನಗಳಿಗೂ ಸಮನಾಗಿ ಹಂಚಿಹೋಗಬೇಕು ಎಂಬುದು ಮೂವರ ನಿರೀಕ್ಷೆ. ಬಿಸಿಯಾದ ವಸ್ತುವಿನಲ್ಲಿ ಶಾಖ ಹರಡುವುದನ್ನು ಹಾಗೆಯೇ ಅರ್ಥಮಾಡಿಕೊಂಡಿದ್ದರು. ಯಂತ್ರ ಬೇರೆಯದನ್ನು ಹೇಳಿತು. ಶಕ್ತಿ ಎರಡನೆಯ, ಮೂರನೆಯ, ನಾಲ್ಕನೆಯ ಕಂಪನಗಳಿಗೆ ಹೋಯಿತು, ಅಷ್ಟರಲ್ಲೇ ಸುತ್ತಾಡಿತು, ಕೊನೆಗೆ ಹೆಚ್ಚುಕಡಿಮೆ ಪೂರ್ತಿಯಾಗಿ ಮೊದಲನೆಯದಕ್ಕೇ ಮರಳಿತು.

ಫರ್ಮಿ 1954ರಲ್ಲಿ ತೀರಿಕೊಂಡರು. 1955ರ ವರದಿಯಲ್ಲಿ ಲೇಖಕರೆಂದು ಇದ್ದದ್ದು ಮೂವರ ಹೆಸರು. ಲೆಕ್ಕವನ್ನು ಯಂತ್ರದ ಭಾಷೆಗೆ ಇಳಿಸಿ ಓಡಿಸಿದ ಮೇರಿ ಸಿಂಗು ಅವರಿಗೆ ಒಂದು ಕೃತಜ್ಞತೆ ಸಂದಿತು. ಅವರ ಹೆಸರನ್ನೂ ಸೇರಿಸಿ ಈ ಸಮಸ್ಯೆಯನ್ನು ಕರೆಯುವ ರೂಢಿ ಬೆಳೆದದ್ದು ಅರ್ಧ ಶತಮಾನ ಕಳೆದ ಮೇಲೆ. ಅದು ನ್ಯಾಯ. ಯಂತ್ರವೇ ಪ್ರಯೋಗಶಾಲೆಯಾಗಿದ್ದ ಕೆಲಸದಲ್ಲಿ ಪ್ರೋಗ್ರಾಂ ಬರೆದವರು ಪ್ರಯೋಗ ಮಾಡಿದವರೇ.

ಪ್ರಿನ್ಸ್‌ಟನ್ನಿನ ಮಾರ್ಟಿನ್ ಕ್ರುಸ್ಕಲ್ ಮತ್ತು ಬೆಲ್ ಪ್ರಯೋಗಾಲಯದ ನಾರ್ಮನ್ ಝಬುಸ್ಕಿ ಈ ಒಗಟಿಗೆ ಕೈಹಾಕಿದರು. ಬಿಡಿ ಕಣಗಳ ಬದಲು ಎಡೆಬಿಡದ ಮಾಧ್ಯಮವೊಂದನ್ನು ಊಹಿಸಿಕೊಂಡು, ಅದರಲ್ಲಿ ಒಂದೇ ದಿಕ್ಕಿಗೆ ಸಾಗುವ ಉದ್ದನೆಯ ಅಲೆಗಳನ್ನಷ್ಟೇ ಉಳಿಸಿಕೊಂಡಾಗ ಅವರ ಮುಂದೆ ನಿಂತದ್ದು ಒಂದು ಹಳೆಯ ಸಮೀಕರಣ. ಡಚ್ ಗಣಿತಜ್ಞರಾದ ಕೋರ್ಟೆವೆಗ್ ಮತ್ತು ದ ವ್ರೀಸ್ 1895ರಲ್ಲಿ ಬರೆದದ್ದು. ಅದು ಆಳವಿಲ್ಲದ ಕಾಲುವೆಯ ನೀರನ್ನು ಕುರಿತದ್ದು!

ಕಾಲುವೆಯ ಕತೆ ಇನ್ನೂ ಹಿಂದಿನದು. 1834ರ ಆಗಸ್ಟ್‌ನಲ್ಲಿ, ಎಡಿನ್‌ಬರೋ ಬಳಿಯ ಯೂನಿಯನ್ ಕಾಲುವೆಯಲ್ಲಿ ಕುದುರೆಗಳು ಎಳೆಯುತ್ತಿದ್ದ ದೋಣಿ ತಟ್ಟನೆ ನಿಂತಿತು. ಅದರ ಮೂತಿಯ ಬಳಿ ಕಲಕಿದ ನೀರು ದುಂಡನೆಯ, ನುಣುಪಾದ ಒಂದೇ ಉಬ್ಬಾಗಿ ದೋಣಿಯನ್ನು ಬಿಟ್ಟು ಮುಂದಕ್ಕೆ ಹೊರಟಿತು. ಸುಮಾರು 30 ಅಡಿ ಉದ್ದ, ಒಂದರಿಂದ ಒಂದೂವರೆ ಅಡಿ ಎತ್ತರ. ದೋಣಿಗಳ ಪರೀಕ್ಷೆ ನಡೆಸುತ್ತಿದ್ದ ಎಂಜಿನಿಯರ್ ಜಾನ್ ಸ್ಕಾಟ್ ರಸೆಲ್ ಕುದುರೆ ಏರಿ ಅದರ ಬೆನ್ನುಹತ್ತಿದ. ಗಂಟೆಗೆ ಎಂಟೊಂಬತ್ತು ಮೈಲಿ ವೇಗದಲ್ಲಿ, ಆಕಾರ ಕೆಡದೆ ಉರುಳುತ್ತಿದ್ದ ಆ ಅಲೆ ಒಂದೆರಡು ಮೈಲಿಯ ನಂತರ ಕಾಲುವೆಯ ತಿರುವುಗಳಲ್ಲಿ ಕಣ್ಮರೆಯಾಯಿತು. ಆಮೇಲೆ ಅವನು ತೊಟ್ಟಿಯಲ್ಲಿ ಇಂಥ ಅಲೆಗಳನ್ನು ಎಬ್ಬಿಸಿ ಅಳೆದ. ನೀರಿನ ಆಳಕ್ಕೆ ಅಲೆಯ ಎತ್ತರವನ್ನು ಕೂಡಿಸಿ, ಗುರುತ್ವದಿಂದ ಗುಣಿಸಿ, ವರ್ಗಮೂಲ ತೆಗೆದರೆ ಅಲೆಯ ವೇಗ ಸಿಗುತ್ತದೆಂದು ಕಂಡುಕೊಂಡ. ಎತ್ತರದ ಅಲೆ ಗಿಡ್ಡ ಅಲೆಗಿಂತ ಜೋರು.

1844ರ ಅವನ ವರದಿಯನ್ನು ಖಗೋಳಜ್ಞ ಜಾರ್ಜ್ ಏರಿ ಒಪ್ಪಲಿಲ್ಲ. ಅಲೆಯ ತುದಿ ಬುಡಕ್ಕಿಂತ ವೇಗವಾಗಿ ಓಡುತ್ತದೆ, ಹಾಗಾಗಿ ಮುಂಬದಿ ಕಡಿದಾಗುತ್ತಲೇ ಹೋಗಬೇಕು, ಆಕಾರ ಉಳಿಯದು ಎಂಬುದು ಏರಿಯ ವಾದ. ವಾದದ ಅರ್ಧ ಸರಿ. ಬೇರೆ ಬೇರೆ ಉದ್ದದ ಅಲೆಗಳು ಬೇರೆ ಬೇರೆ ವೇಗದಲ್ಲಿ ಸಾಗುವುದರಿಂದ ಉಬ್ಬು ಹರಡಿ ತೆಳ್ಳಗಾಗಲೂ ನೋಡುತ್ತದೆ. ಏರಿಯ ಲೆಕ್ಕದಲ್ಲಿ ಇದು ಬಿಟ್ಟುಹೋಗಿತ್ತು. ಕಡಿದಾಗಿಸುವ ಒತ್ತಡ ಮತ್ತು ಹರಡುವ ಒತ್ತಡ ಸರಿತೂಗಿದಲ್ಲಿ ಅಲೆ ಹಾಗೆಯೇ ನಿಲ್ಲುತ್ತದೆ. ಬೂಸಿನೆಸ್ಕ್ ಮತ್ತು ರೇಲಿ 1870ರ ದಶಕದಲ್ಲಿ ಇದನ್ನು ಗಣಿತದಿಂದ ತೋರಿಸಿದರು. 1895ರ ಸಮೀಕರಣದಲ್ಲಿ ಈ ಎರಡು ಒತ್ತಡಗಳಿಗೂ ಒಂದೊಂದು ಪದವಿದೆ. ರಸೆಲ್ ಅದನ್ನು ನೋಡಲಿಲ್ಲ, 1882ರಲ್ಲೇ ತೀರಿಕೊಂಡಿದ್ದ.

ಆದರೆ ಇವರೆಲ್ಲ ಯೋಚಿಸಿದ್ದು ಒಂಟಿ ಅಲೆಯನ್ನು ಕುರಿತು. ಹಲವು ಅಲೆಗಳು ಎದುರಾದರೆ? ಝಬುಸ್ಕಿ, ಕ್ರುಸ್ಕಲ್ 1965ರಲ್ಲಿ ಪ್ರಕಟಿಸಿದ ಲೆಕ್ಕ ಶುರುವಾಗುವುದು ಒಂದು ಸಾದಾ ಕೊಸೈನ್ ಅಲೆಯಿಂದ. ಅದು ಕಡಿದಾಯಿತು, ಆಮೇಲೆ ಎಂಟು ಶಿಖರಗಳ ಸಾಲಾಗಿ ಒಡೆಯಿತು. ಎತ್ತರದ್ದು ಗಿಡ್ಡದ್ದನ್ನು ಹಿಂದಿನಿಂದ ಹಿಡಿಯಿತು, ಎರಡೂ ಬೆರೆತವು. ಅರೇಖೀಯ ಸಮೀಕರಣದಲ್ಲಿ ಬೆರೆತದ್ದು ಚಿಂದಿಯಾಗಿ ಹೊರಬರುತ್ತದೆ ಎಂದೇ ಯಾರಾದರೂ ನಂಬುತ್ತಿದ್ದರು. ಶಿಖರಗಳು ತಮ್ಮ ತಮ್ಮ ಎತ್ತರ, ತಮ್ಮ ತಮ್ಮ ವೇಗದೊಂದಿಗೆ ಆಚೆ ಬಂದವು. ಇರಬೇಕಾದ ಜಾಗದಿಂದ ಒಂದು ತುಸು ಮುಂದೆ, ಇನ್ನೊಂದು ತುಸು ಹಿಂದೆ ಸರಿದಿತ್ತು, ಅಷ್ಟೇ. ಹೀಗೆ ಸಾಗುತ್ತ ಅವೆಲ್ಲ ಒಂದು ಗಳಿಗೆಯಲ್ಲಿ ಹೊರಟ ಸ್ಥಿತಿಗೆ ಬಹಳ ಹತ್ತಿರ ಬರುತ್ತವೆ. ಮೇನಿಯಾಕ್‌ನಲ್ಲಿ ಶಕ್ತಿ ಮರಳಿದ್ದು ಏಕೆಂಬುದಕ್ಕೆ ಉತ್ತರ ಇಲ್ಲಿತ್ತು. ಕಣಗಳಂತೆ ನಡೆದುಕೊಂಡ ಈ ಅಲೆಗಳಿಗೆ ಅವರು ಎಲೆಕ್ಟ್ರಾನ್, ಪ್ರೋಟಾನ್‌ಗಳ ಧಾಟಿಯಲ್ಲೇ ಸಾಲಿಟಾನ್ ಎಂದು ಹೆಸರಿಟ್ಟರು.

ನನಗೆ ಅತ್ಯಂತ ಸುಂದರವೆನಿಸುವುದು ಮುಂದಿನ ಹೆಜ್ಜೆ. ಗಾರ್ಡ್‌ನರ್, ಗ್ರೀನ್, ಕ್ರುಸ್ಕಲ್ ಮತ್ತು ಮಿಯುರಾ 1967ರಲ್ಲಿ ಆರಂಭದ ಅಲೆಯನ್ನೇ ಕ್ವಾಂಟಂ ಭೌತಶಾಸ್ತ್ರದ ಶ್ರೋಡಿಂಗರ್ ಸಮೀಕರಣದೊಳಗೆ ಒಂದು ಗುಂಡಿಯೆಂಬಂತೆ ಇಟ್ಟು ನೋಡಿದರು. ಆ ಸಮೀಕರಣ ರೇಖೀಯ, ಬಿಡಿಸಲು ಬರುತ್ತದೆ. ಗುಂಡಿಯಲ್ಲಿ ಸಿಕ್ಕಿಕೊಳ್ಳುವ ಕಣಕ್ಕೆ ಎಷ್ಟು ಶಕ್ತಿಮಟ್ಟಗಳಿವೆಯೋ ಅಲೆಯೊಳಗೆ ಅಷ್ಟೇ ಸಾಲಿಟಾನ್‌ಗಳು. ಮಟ್ಟ ಆಳವಿದ್ದಷ್ಟೂ ಸಾಲಿಟಾನ್ ಎತ್ತರ. ಅಲೆ ಕಾಲಕ್ರಮದಲ್ಲಿ ಹೇಗೆ ಹೊರಳಿದರೂ ಈ ಮಟ್ಟಗಳು ಕದಲುವುದಿಲ್ಲ. ಡಿಕ್ಕಿಯ ಬಳಿಕವೂ ಶಿಖರಗಳು ತಮ್ಮ ಎತ್ತರ ಉಳಿಸಿಕೊಳ್ಳುವುದು ಅದಕ್ಕೇ.